ಅಪರಿಚಿತ ಲಿಪಿಯ ಅಂಕಿಗಳನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ಎಲ್ಲ ಲಿಪಿಗಳಲ್ಲೂ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಅಂಕಿಗಳು ಇದ್ದೇ ಇರುತ್ತವೆಯೇ? ಅವುಗಳ ಆಕಾರ ಕಲಿತುಬಿಟ್ಟರೆ ಯಾವ ಲಿಪಿಯ ಸಂಖ್ಯೆಯನ್ನಾದರೂ ಓದಬಹುದೇ?

ಉತ್ತರ: ಕನ್ನಡ, ದೇವನಾಗರಿ, ಬಂಗಾಳಿ, ಥಾಯ್, ಬರ್ಮೀಸ್, ಅರಬ್ಬಿ ಅಂಕಿಗಳ ಮಟ್ಟಿಗೆ ಹೌದು. ಇವುಗಳ ರೂಪ ಬೇರೆ, ಲೆಕ್ಕದ ಕ್ರಮ ಒಂದೇ. ಆದರೆ ಎಲ್ಲ ಲಿಪಿಗಳ ಬಗ್ಗೆ ಈ ಮಾತು ಹೇಳಲಾಗದು. ಹಾಗಾಗಿ ಅಪರಿಚಿತ ಸಂಖ್ಯೆ ಎದುರಾದಾಗ ‘ಈ ಗುರುತು ಯಾವ ಅಂಕಿ’ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ‘ಈ ಸಂಖ್ಯೆಯನ್ನು ಹೇಗೆ ಕಟ್ಟಿದ್ದಾರೆ’ ಎಂದು ಮೊದಲು ನೋಡಬೇಕು. ಆಕಾರಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ ಈ ನೋಟವೇ ಹೆಚ್ಚು ದೂರ ಕರೆದೊಯ್ಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುನ್ನೂರ ಮೂವತ್ಮೂರನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ೩೩೩: ಒಂದೇ ಗುರುತು ಮೂರು ಸಲ ಬಂದಿದೆ. ಅದು ನೂರೋ, ಹತ್ತೋ, ಬಿಡಿಯೋ ಎಂಬುದನ್ನು ತೀರ್ಮಾನಿಸುವುದು ಅದು ಕುಳಿತ ಜಾಗ. ಇದು ಸ್ಥಾನಬೆಲೆ ಪದ್ಧತಿ. ಚೀನೀ ಲಿಪಿಯ ವಾಡಿಕೆಯ ಬರಹದಲ್ಲಿ ಇದೇ ಸಂಖ್ಯೆಗೆ ಐದು ಗುರುತುಗಳು ಬೇಕು: ಮೂರು, ನೂರು, ಮೂರು, ಹತ್ತು, ಮೂರು. ನೂರು ಮತ್ತು ಹತ್ತಕ್ಕೆ ಅಲ್ಲಿ ಪ್ರತ್ಯೇಕ ಚಿಹ್ನೆಗಳಿವೆ. ಅವುಗಳಿಗಿಂತ ಮೊದಲು ಬರುವ ಅಂಕಿ ‘ಎಷ್ಟು ನೂರು, ಎಷ್ಟು ಹತ್ತು’ ಎಂದು ಹೇಳುತ್ತದೆ. ತಮಿಳಿನ ಹಳೆಯ ಪದ್ಧತಿಯೂ ಹೀಗೆಯೇ. ಅದರಲ್ಲಿ ಹತ್ತು, ನೂರು, ಸಾವಿರಕ್ಕೆ ಸ್ವಂತ ಗುರುತುಗಳಿವೆ.

ಗ್ರೀಕರು ಅಕ್ಷರಗಳನ್ನೇ ಅಂಕಿಗಳಾಗಿ ಬಳಸಿದರು. ಒಂದರಿಂದ ಒಂಬತ್ತಕ್ಕೆ ಒಂಬತ್ತು, ಹತ್ತರಿಂದ ತೊಂಬತ್ತಕ್ಕೆ ಒಂಬತ್ತು, ನೂರರಿಂದ ಒಂಬೈನೂರಕ್ಕೆ ಒಂಬತ್ತು, ಹೀಗೆ ಒಟ್ಟು 27 ಅಕ್ಷರಗಳು. ಅವರ 333ರಲ್ಲಿ ಟಾವ್, ಲ್ಯಾಂಬ್ಡಾ, ಗಾಮಾ ಎಂಬ ಮೂರು ಅಕ್ಷರಗಳಿರುತ್ತವೆ. ಒಂದರ ರೂಪ ಇನ್ನೊಂದಕ್ಕಿಲ್ಲ. ಹೀಬ್ರೂ ಸಂಖ್ಯೆಗಳೂ ಇದೇ ಜಾಡಿನವು. ರೋಮನ್ ಬರಹದಲ್ಲಾದರೆ ಮೂರು ಸಿ, ಮೂರು ಎಕ್ಸ್, ಮೂರು ಐ ಸೇರಿ ಒಂಬತ್ತು ಗುರುತುಗಳಾಗುತ್ತವೆ. ಪ್ರಾಚೀನ ಈಜಿಪ್ಟಿನ ಚಿತ್ರಲಿಪಿಯಲ್ಲೂ ಒಂಬತ್ತೇ: ಮೂರು ಹಗ್ಗದ ಸುರುಳಿ, ಮೂರು ಕಮಾನು, ಮೂರು ಗೀಟು.

ಈಗ 303ಕ್ಕೆ ಬನ್ನಿ. ಗ್ರೀಕರಿಗೆ ಎರಡೇ ಅಕ್ಷರ ಸಾಕು, ರೋಮನ್ನರಿಗೆ ಆರು ಗುರುತು. ಇಬ್ಬರಿಗೂ ಸೊನ್ನೆಯ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಅಲ್ಲಿ ಖಾಲಿ ಜಾಗ ಎಂಬುದೇ ಇಲ್ಲ. ಜಾಗಕ್ಕೆ ಬೆಲೆ ಕೊಡುವ ಪದ್ಧತಿಯಲ್ಲಿ ಮಾತ್ರ ನಡುವೆ ಸೊನ್ನೆ ಇಡದಿದ್ದರೆ ಮುನ್ನೂರ ಮೂರು ಹೋಗಿ ಮೂವತ್ಮೂರಾಗುತ್ತದೆ. ಆದ್ದರಿಂದ ಸಂಖ್ಯೆಗಳ ನಡುವೆ, ಕೊನೆಯಲ್ಲಿ ಒಂದೇ ಗುರುತು ಪದೇ ಪದೇ ಕಾಣಿಸಿದರೆ ಅದು ಸೊನ್ನೆಯೇ ಎಂದು ನೋಡಿ. ಅದು ವೃತ್ತವೇ ಆಗಿರಬೇಕಿಲ್ಲ. ಕಾಂಬೋಡಿಯದ ಕ್ರಿ.ಶ. 683ರ ಶಾಸನವೊಂದರಲ್ಲಿ ಶಕವರ್ಷ 605ರ ಸೊನ್ನೆ ಒಂದು ಚುಕ್ಕೆ. ಗ್ವಾಲಿಯರಿನ ಚತುರ್ಭುಜ ದೇಗುಲದ ಕ್ರಿ.ಶ. 876ರ ಶಾಸನದಲ್ಲಿ 270ರ ಸೊನ್ನೆ ಪುಟ್ಟ ವೃತ್ತ. ಅರಬ್ಬಿಯಲ್ಲಿ ಇಂದಿಗೂ ಸೊನ್ನೆ ಚುಕ್ಕೆಯೇ.

ಪುಸ್ತಕ ಕೈಯಲ್ಲಿದ್ದರೆ ಕೆಲಸ ಇನ್ನೂ ಸುಲಭ. ಪುಟಸಂಖ್ಯೆಗಳಲ್ಲಿ ಇಪ್ಪತ್ತನೆಯದನ್ನು ಹುಡುಕಿ. ಎರಡರ ಗುರುತಿನ ಪಕ್ಕ ಸೊನ್ನೆ ಇದ್ದರೆ ಸ್ಥಾನಬೆಲೆ. ಎರಡರ ಗುರುತಿನ ಪಕ್ಕ ಹತ್ತರ ಗುರುತಿದ್ದರೆ ಚೀನೀ ಬಗೆ. ಹತ್ತರ ಗುರುತೇ ಎರಡು ಸಲ ಬಂದಿದ್ದರೆ ರೋಮನ್ ಬಗೆ. ಹಿಂದೆಲ್ಲೂ ಕಾಣದ ಒಂದೇ ಹೊಸ ಗುರುತು ಬಂದರೆ ಗ್ರೀಕ್ ಬಗೆ. ಮಿಶ್ರಣಗಳೂ ಉಂಟು: ಇಥಿಯೋಪಿಯದ ಗೀಜ್ ಅಂಕಿಗಳಲ್ಲಿ ಇಪ್ಪತ್ತಕ್ಕೆ ಸ್ವಂತ ಗುರುತಿದೆ, ಆದರೆ ಮುನ್ನೂರನ್ನು ಮೂರು ಮತ್ತು ನೂರರ ಗುರುತುಗಳನ್ನು ಜೋಡಿಸಿ ಬರೆಯುತ್ತಾರೆ. ಹತ್ತೇ ಎಲ್ಲೆಡೆ ಬುಡವೆಂದೂ ತಿಳಿಯಬೇಡಿ. ಬ್ಯಾಬಿಲೋನಿಯದವರು 60ರಂತೆ, ಮಧ್ಯ ಅಮೆರಿಕದ ಮಾಯಾ ಜನರು 20ರಂತೆ ಎಣಿಸಿದರು. ಮಾಯಾ ಬರಹದಲ್ಲಿ ಚುಕ್ಕೆ ಒಂದು, ಅಡ್ಡಗೆರೆ ಐದು, ಸೊನ್ನೆಗೆ ಚಿಪ್ಪಿನಾಕಾರ. ಸ್ಥಾನಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ.

ಅಕ್ಷರವೇ ಅಂಕಿಯಾದಾಗ ಅದು ಪದವೋ ಸಂಖ್ಯೆಯೋ ಎಂಬ ಗೊಂದಲ ಸಹಜ. ಬರೆದವರಿಗೂ ಅದು ಗೊತ್ತಿತ್ತು. ಗ್ರೀಕಿನಲ್ಲಿ ಅಕ್ಷರದ ನಂತರ ಮೇಲ್ಗಡೆ ಸಣ್ಣ ಗೀಟು, ಹಳೆಯ ಸ್ಲಾವಿಕ್ ಬರಹದಲ್ಲಿ ತಲೆಯ ಮೇಲೆ ಅಲೆಯಂಥ ಗೆರೆ, ಗೀಜ್‌ನಲ್ಲಿ ಮೇಲೂ ಕೆಳಗೂ ಗೆರೆ. ಇಂಥ ಗೆರೆಗಳನ್ನು ಅಲಂಕಾರವೆಂದು ಬಿಟ್ಟುಬಿಡಬೇಡಿ.

ದಿಕ್ಕಿನ ವಿಷಯದಲ್ಲೂ ಎಚ್ಚರ ಬೇಕು. ಅರಬ್ಬಿ ಬಲದಿಂದ ಎಡಕ್ಕೆ ಸಾಗಿದರೂ ಅದರ ಸಂಖ್ಯೆಗಳಲ್ಲಿ ದೊಡ್ಡ ಸ್ಥಾನ ನಮ್ಮಂತೆ ಎಡಕ್ಕೇ ಇರುತ್ತದೆ. ಪಶ್ಚಿಮ ಆಫ್ರಿಕಾದ ಭಾಷೆಗಳಿಗಾಗಿ 1949ರಲ್ಲಿ ರೂಪುಗೊಂಡ ಎನ್ಕೋ ಲಿಪಿಯಲ್ಲಾದರೋ ಅಂಕಿಗಳೂ ಬಲದಿಂದಲೇ ಆರಂಭವಾಗುತ್ತವೆ.

ಪದ್ಧತಿ ಖಚಿತವಾದ ಮೇಲೆಯೇ ಆಕಾರದ ಸರದಿ. ಕಣ್ಣು ಮೋಸಹೋಗುವುದು ಇಲ್ಲಿಯೇ. ಬಂಗಾಳಿಯ ನಾಲ್ಕು ನೋಡಲು 8ರಂತೆಯೇ ಇದೆ, ಏಳು 9ರಂತೆ. ದೇವನಾಗರಿಯ ಒಂದು ಕೂಡ 9ನ್ನು ಹೋಲುತ್ತದೆ. ಅರಬ್ಬಿಯ ಐದು ದುಂಡಗೆ ಸೊನ್ನೆಯಂತೆ, ಆರು 7ರಂತೆ ಕಾಣುತ್ತದೆ. ಬರ್ಮೀಸ್‌ನಲ್ಲಿ ಸೊನ್ನೆಗೂ ‘ವ’ ಅಕ್ಷರಕ್ಕೂ ಬಹುತೇಕ ಒಂದೇ ರೂಪ. ಪಠ್ಯ ಕಂಪ್ಯೂಟರಿನಲ್ಲಿದ್ದರೆ ಕಣ್ಣನ್ನು ನೆಚ್ಚಬೇಕಿಲ್ಲ: ಲಿಪಿಗಳ ಗುರುತುಗಳಿಗೆ ಸಂಕೇತ ಕೊಡುವ ಯೂನಿಕೋಡ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಪ್ರತಿ ಲಿಪಿಯ ಅಂಕಿಗೂ ಬೇರೆ ಸಂಕೇತವಿದೆ, ಅದರ ಜೊತೆಗೆ ಬೆಲೆಯೂ ದಾಖಲಾಗಿದೆ. ಆ ಗುರುತನ್ನು ನಕಲಿಸಿ ಯೂನಿಕೋಡ್ ಪಟ್ಟಿಯಲ್ಲಿ ಹುಡುಕಿದರೆ ಲಿಪಿಯ ಹೆಸರು, ಅಂಕಿಯ ಬೆಲೆ ಎರಡೂ ಸಿಗುತ್ತವೆ. ರೋಮನ್, ಗ್ರೀಕ್, ಹೀಬ್ರೂ ಸಂಖ್ಯೆಗಳಿಗೆ ಮಾತ್ರ ಈ ಉಪಾಯ ನಡೆಯದು. ಅವನ್ನು ಸಾಮಾನ್ಯವಾಗಿ ಮಾಮೂಲಿ ಅಕ್ಷರಗಳಲ್ಲೇ ಬೆರಳಚ್ಚು ಮಾಡಿರುತ್ತಾರೆ.