ರೊಟೊಕಾಸ್: 12 ಅಕ್ಷರದ ಭಾಷೆಯಲ್ಲಿ ಕಳೆದುಹೋದ ಮೂರು ಧ್ವನಿಗಳು

ಅತಿ ಕಡಿಮೆ ಅಕ್ಷರ ಇರುವ ಭಾಷೆ ಯಾವುದು ಅಂತ ಕ್ವಿಜ್‌ನಲ್ಲಿ ಕೇಳಿದರೆ ಉತ್ತರ ಸಾಮಾನ್ಯವಾಗಿ ರೊಟೊಕಾಸ್. ಬರೀ 12 ಅಕ್ಷರ. ಉತ್ತರ ಸರಿಯೇ. ಆದರೆ ಭಾಷಾವಿಜ್ಞಾನ ಓದುವವರು ಅಲ್ಲಿಗೇ ನಿಲ್ಲಬಾರದು. ಆ ಲೆಕ್ಕ ಮಧ್ಯ ರೊಟೊಕಾಸ್ ಅನ್ನುವ ಒಂದು ಉಪಭಾಷೆಗೆ ಸೇರಿದ್ದು. ಪಕ್ಕದ ಉಪಭಾಷೆಯನ್ನೂ ಎದುರಿಗೆ ಇಟ್ಟುಕೊಂಡಾಗಲೇ ಈ ಭಾಷೆ ನಿಜವಾಗಿ ಅರ್ಥವಾಗುವುದು.

ಎಲ್ಲಿ, ಯಾರು

ಪಪುವಾ ನ್ಯೂಗಿನಿಯ ಪೂರ್ವ ತುದಿಗೆ ಬೂಗನ್‌ವಿಲ್ ಅನ್ನುವ ದ್ವೀಪ ಇದೆ. ನಮ್ಮ ಕಾಂಪೌಂಡ್ ಮೇಲೆ ಹಬ್ಬುವ ಬೂಗನ್‌ವಿಲ್ಲಾ ಗಿಡಕ್ಕೂ ಈ ದ್ವೀಪಕ್ಕೂ ಹೆಸರು ಬಂದದ್ದು ಒಬ್ಬನೇ ಫ್ರೆಂಚ್ ನಾವಿಕನಿಂದ. ಅವನು 1768ರಲ್ಲಿ ಈ ದಾರಿಯಾಗಿ ಹೋಗಿದ್ದ. ದ್ವೀಪದ ನಡುಭಾಗದ ಬೆಟ್ಟಗಳಲ್ಲಿ ಸುಮಾರು 4,000 ಜನ ರೊಟೊಕಾಸ್ ಆಡುತ್ತಾರೆ. ಬೇರೆ ಭಾಷೆಯವರ ಜೊತೆ ವ್ಯವಹಾರಕ್ಕೆ ಟೋಕ್ ಪಿಸಿನ್ ಅನ್ನುವ ಸಂಪರ್ಕ ಭಾಷೆ ಇದೆ.

ಇದನ್ನು 'ಪಪುವನ್' ಭಾಷೆ ಅನ್ನುತ್ತಾರೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ದ್ರಾವಿಡ ಅನ್ನುವ ಹಾಗೆ ಪಪುವನ್ ಒಂದು ಕುಟುಂಬದ ಹೆಸರಲ್ಲ. ನ್ಯೂಗಿನಿ ಮತ್ತು ಸುತ್ತಲಿನ ದ್ವೀಪಗಳಲ್ಲಿ ಆಸ್ಟ್ರೋನೇಷ್ಯನ್ ಕುಟುಂಬಕ್ಕೆ ಸೇರದ ಭಾಷೆಗಳಿಗೆಲ್ಲ ಒಟ್ಟಾಗಿ ಇಟ್ಟ ಹೆಸರು ಅಷ್ಟೇ. ಅದರೊಳಗೆ ಹತ್ತಾರು ಕುಟುಂಬಗಳಿವೆ. ರೊಟೊಕಾಸ್ ಸೇರುವುದು ಉತ್ತರ ಬೂಗನ್‌ವಿಲ್ ಅನ್ನುವ ಪುಟ್ಟ ಕುಟುಂಬಕ್ಕೆ.

ಧ್ವನಿಗಳು

ಇರ್ವಿನ್ ಮತ್ತು ಜಾಕ್ವೆಲಿನ್ ಫರ್ಚೋ 1969ರಲ್ಲಿ ಮಧ್ಯ ರೊಟೊಕಾಸ್‌ನ ಧ್ವನಿಗಳ ಬಗ್ಗೆ ಬರೆದರು. ಅವರ ಲೆಕ್ಕದಲ್ಲಿ ಸ್ವರ ಐದು: ಅ, ಎ, ಇ, ಒ, ಉ. ಸ್ವರ ದೀರ್ಘವಾದರೆ ಅದೇ ಅಕ್ಷರವನ್ನು ಎರಡು ಸಲ ಬರೆಯುತ್ತಾರೆ. ವ್ಯಂಜನ ಆರೇ ಆರು.

ನಮ್ಮ ವರ್ಗಾಕ್ಷರ ಗೊತ್ತಿದ್ದರೆ ಈ ಆರನ್ನು ಹಿಡಿಯುವುದು ಸುಲಭ. ಕವರ್ಗ, ತವರ್ಗ, ಪವರ್ಗ ಮಾತ್ರ ಉಳಿಸಿಕೊಳ್ಳಿ. ಪ್ರತಿ ವರ್ಗದಲ್ಲೂ ಎರಡೇ ಧ್ವನಿ. ಮೊದಲನೆಯದು ಕ, ತ, ಪ. ಎರಡನೆಯದು ಗಂಟಲು ಕಂಪಿಸಿ ಹುಟ್ಟುವ ಧ್ವನಿ. ಈ ಎರಡನೆಯದಕ್ಕೆ ವೇಷ ಹಲವು. ತುಟಿಯ ಧ್ವನಿ ಒಮ್ಮೆ ಬ, ಒಮ್ಮೆ ತುಟಿ ಪೂರ್ತಿ ಮುಚ್ಚದ ವ, ಅಪರೂಪಕ್ಕೆ ಮ. ನಾಲಿಗೆ ತುದಿಯದು ರ, ಲ, ದ, ನ ಇವುಗಳಲ್ಲಿ ಯಾವುದಾದರೂ ಆಗಬಹುದು. ಗಂಟಲ ಕಡೆಯದು ಗ ಅಥವಾ ಙ. ಯಾವುದನ್ನು ಉಚ್ಚರಿಸಿದರೂ ಪದದ ಅರ್ಥ ಬದಲಾಗುವುದಿಲ್ಲ.

ಇದು ವಿಚಿತ್ರ ಅನ್ನಿಸಿದರೆ ಅಂಕೆ, ಅಂಚೆ, ಅಂಬು ಅಂತ ನಿಧಾನವಾಗಿ ಹೇಳಿ ನೋಡಿ. ಸೊನ್ನೆ ಒಂದೇ. ಆದರೆ ಬಾಯಲ್ಲಿ ಬರುವುದು ಮೂರು ಬೇರೆ ಅನುನಾಸಿಕ. ಮಾತಾಡುವಾಗ ನಮಗೆ ಅದು ಗೊತ್ತೇ ಆಗುವುದಿಲ್ಲ, ಅಲ್ವಾ?

ಹಾಗಾದರೆ ಮಧ್ಯ ರೊಟೊಕಾಸ್‌ನಲ್ಲಿ ಮ, ನ, ಙ ಸ್ವತಂತ್ರ ಧ್ವನಿಗಳಲ್ಲ. ಜಗತ್ತಿನಲ್ಲಿ ಇಂಥ ಭಾಷೆಗಳು ಬಹಳ ಕಡಿಮೆ. ಫರ್ಚೋ ದಂಪತಿ ಹೇಳುವ ಒಂದು ಸಂಗತಿ ನನಗೆ ತುಂಬ ಇಷ್ಟ. ಅಲ್ಲಿನ ಜನ ಅನುನಾಸಿಕ ಬಳಸುವುದು ಹೆಚ್ಚಾಗಿ ಹೊರಗಿನವರು ರೊಟೊಕಾಸ್ ಮಾತಾಡುವ ರೀತಿಯನ್ನು ಅಣಕಿಸುವಾಗ. ಆ ಹೊರಗಿನವರು ಅನುನಾಸಿಕ ಉಚ್ಚರಿಸಿರಲಿ, ಬಿಡಲಿ, ಅಣಕದಲ್ಲಿ ಮಾತ್ರ ಅದು ಇರುತ್ತದೆ. ಅಂದರೆ ಆ ಧ್ವನಿ ಅವರ ಬಾಯಿಗೆ ಬರುತ್ತದೆ, ಕಿವಿಗೂ ಗೊತ್ತು. ಅವರ ಸ್ವಂತ ಮಾತಿನಲ್ಲಿ ಅದಕ್ಕೆ ಕೆಲಸ ಇಲ್ಲ, ಅಷ್ಟೇ.

ಐದು ಸ್ವರ, ಆರು ವ್ಯಂಜನ ಸೇರಿದರೆ 11. ಅಕ್ಷರ 12 ಹೇಗೆ? ಹೆಚ್ಚಿನ ಆ ಒಂದು ಅಕ್ಷರ ಸ. 'ಇ' ಮುಂದೆ ಬಂದಾಗ ತ ಸ ಆಗುತ್ತದೆ. ಈ ವಾಕ್ಯ ನೋಡಿ:

ಒಸಿರೆಇತೊಆರೆಇ ಅವುಕವ ಇಅವ ಉರುರುಪವಿರ ತೊಉಪಸಿವೆಇರ.

'ಮುದುಕಿಯ ಕಣ್ಣುಗಳು ಮುಚ್ಚಿವೆ' ಅಂತ ಅರ್ಥ. 'ಸಿ' ಎರಡು ಸಲ ಇದೆ, 'ತೊ' ಎರಡು ಸಲ ಇದೆ, 'ತಿ' ಎಲ್ಲೂ ಇಲ್ಲ. ಇನ್ನೊಂದನ್ನೂ ಗಮನಿಸಿ: ಒತ್ತಕ್ಷರ ಒಂದೂ ಇಲ್ಲ, ಎಲ್ಲ ಅಕ್ಷರವೂ ಸ್ವರದಲ್ಲೇ ಮುಗಿಯುತ್ತದೆ.

ಕಂಪ್ಯೂಟರ್ ಬಲ್ಲವರು ಇದನ್ನು ತಾವೇ ಪರೀಕ್ಷಿಸಬಹುದು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಠ್ಯಗಳನ್ನು ವಿಶ್ಲೇಷಿಸಲು ಇರುವ ಎನ್‌ಎಲ್‌ಟಿಕೆ ಅನ್ನುವ ಸಲಕರಣೆಯ ಜೊತೆಗೆ ರೊಟೊಕಾಸ್ ಪದಪಟ್ಟಿಯೊಂದು ಸಿಗುತ್ತದೆ. ವ್ಯಂಜನ ಮತ್ತು ಸ್ವರದ ಜೋಡಿಗಳನ್ನು ಎಣಿಸಿದರೆ 'ಸಿ' 100 ಸಲ, 'ತಿ' ಸೊನ್ನೆ. 'ಸು' ಒಂದೇ ಒಂದು ಸಲ. ಆ ಪದ 'ಕಸುಆರಿ', ಕ್ಯಾಸೋವರಿ ಹಕ್ಕಿಯ ಹೆಸರು. ಹೊರಗಿನಿಂದ ಬಂದ ಪದ ಅದು, ಅದಕ್ಕೇ ನಿಯಮಕ್ಕೆ ಸಿಕ್ಕಿಲ್ಲ.

ಉಪಭಾಷೆಗಳು

ಮಧ್ಯ ರೊಟೊಕಾಸ್, ಐಟಾ, ಪಿಪಿಪಾಯಾ ಅಂತ ಉಪಭಾಷೆಗಳನ್ನು ಗುರುತಿಸುತ್ತಾರೆ. ಸ್ಟುವರ್ಟ್ ರಾಬಿನ್ಸನ್ 2006ರಲ್ಲಿ ಐಟಾದ ಧ್ವನಿಗಳ ಬಗ್ಗೆ ಬರೆದರು. ಅಲ್ಲಿ ಆರಲ್ಲ, ಒಂಬತ್ತು ವ್ಯಂಜನಗಳಿವೆ. ಕ, ಗ, ಙ. ತ, ದ, ನ. ಪ, ಬ, ಮ. ಇಲ್ಲಿ ಬ ಜಾಗದಲ್ಲಿ ಮ ಹಾಕಿದರೆ ಪದವೇ ಬೇರೆಯಾಗುತ್ತದೆ.

ಪರೀಕ್ಷೆಯಲ್ಲೂ ಕೇಳಬಹುದಾದ ಪ್ರಶ್ನೆ ಈಗ ಬರುತ್ತದೆ. ಐಟಾ ಮೂರು ಧ್ವನಿಗಳನ್ನು ಹೊಸದಾಗಿ ಬೆಳೆಸಿಕೊಂಡಿತೋ, ಮಧ್ಯ ರೊಟೊಕಾಸ್ ಮೂರನ್ನು ಕಳೆದುಕೊಂಡಿತೋ? ಒಂದು ಧ್ವನಿ ಎರಡಾಗಿ ಒಡೆಯಬೇಕಾದರೆ ಕಾರಣ ಬೇಕು. ಇಂಥ ಸ್ವರದ ಪಕ್ಕ ಹೀಗೆ, ಉಳಿದ ಕಡೆ ಹಾಗೆ ಅನ್ನುವ ನಿಯಮ ಸಿಗಬೇಕು. ಐಟಾದಲ್ಲಿ ಎಲ್ಲಿ ಬ, ಎಲ್ಲಿ ಮ ಅಂತ ಮೊದಲೇ ಹೇಳುವ ಯಾವ ನಿಯಮವೂ ಇಲ್ಲ. ಹಾಗಾಗಿ ಮೊದಲು ಒಂಬತ್ತೂ ಇದ್ದವು, ಮಧ್ಯ ರೊಟೊಕಾಸ್‌ನಲ್ಲಿ ಬ ಮತ್ತು ಮ, ದ ಮತ್ತು ನ, ಗ ಮತ್ತು ಙ ಬೆರೆತುಹೋದವು.

ಕನ್ನಡದಲ್ಲೂ ಇಂಥದ್ದು ನಡೆದಿದೆ. ಕೋಳಿ, ಚೇಳು ಎರಡರಲ್ಲೂ ನಾವು ಹೇಳುವುದು ಒಂದೇ ಳ. ತಮಿಳಿನಲ್ಲಿ ಅವು ಕೋೞಿ, ತೇಳ್. ಹಳಗನ್ನಡದಲ್ಲೂ ೞ ಬೇರೆಯೇ ಇತ್ತು. ಇವತ್ತಿನ ಕನ್ನಡ ಮಾತ್ರ ಇಟ್ಟುಕೊಂಡು ಯಾವ ಳ ಹಿಂದೆ ೞ ಆಗಿತ್ತು ಅಂತ ಹೇಳಲು ಆಗುವುದಿಲ್ಲ. ನಮಗೆ ತಮಿಳು, ಹಳಗನ್ನಡ ಮಾಡುವ ಸಹಾಯವನ್ನು ರೊಟೊಕಾಸ್ ವಿಷಯದಲ್ಲಿ ಐಟಾ ಮಾಡುತ್ತದೆ.

ಇದರಿಂದ ಇನ್ನೊಂದು ಮಾತು ಬೀಳುತ್ತದೆ. ಬೆಟ್ಟದಲ್ಲಿ ಒಂಟಿಯಾಗಿ ಉಳಿದ ಸಣ್ಣ ಗುಂಪು, ಅದಕ್ಕೇ ಧ್ವನಿ ಕಡಿಮೆ ಅಂತ ಸುಮ್ನೆ ಹೇಳಿಬಿಡುವವರು ಜಾಸ್ತಿ. ಐಟಾದವರದ್ದೂ ಅದೇ ದ್ವೀಪ, ಅದೇ ಭಾಷೆ, ಅವರೂ ಸಣ್ಣ ಗುಂಪೇ. ಅವರ ಬಾಯಲ್ಲಿ ಒಂಬತ್ತೂ ವ್ಯಂಜನ ಉಳಿದಿವೆ.