ಸುವಾಸನೆಯ ಎಣ್ಣೆ, ತಟ್ಟೆಯಲ್ಲಿನ ವೃತ್ತ

ಪುಣೆಯಲ್ಲಿ ಸಸ್ಯಶಾಸ್ತ್ರ ಓದುತ್ತಿರುವ ನಮ್ಮ ಕನ್ನಡದ ಗೆಳೆಯರಿಗಾಗಿ ಈ ಟಿಪ್ಪಣಿ. ಒಂದು ಗಿಡ ಬಿಡುವ ರಾಸಾಯನಿಕ ಪಕ್ಕದ ಗಿಡದ ಮೇಲೆ ಪರಿಣಾಮ ಬೀರುವುದಕ್ಕೆ 1937ರಲ್ಲಿ ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್ ‘ಅಲೆಲೋಪತಿ’ ಎಂದು ಹೆಸರಿಟ್ಟರು. ನೀಲಗಿರಿ ಮರದ ಸುವಾಸನೆಯ ಎಣ್ಣೆಯಲ್ಲಿರುವ ಸಿನಿಯೋಲ್ ಬೀಜದ ಮೊಳಕೆಯನ್ನೂ ಬೇರಿನ ಬೆಳವಣಿಗೆಯನ್ನೂ ತಡೆಯುತ್ತದೆ. ಸಬ್ಬಸಿಗೆ ಬೀಜದ ಎಣ್ಣೆಯಲ್ಲಿರುವ ಕಾರ್ವೋನ್‌ನ ಆವಿ ಆಲೂಗಡ್ಡೆ ಮೊಳೆಯದಂತೆ ಮಾಡುತ್ತದೆ.

ಇಂಥ ಎಣ್ಣೆಗಳು ಬ್ಯಾಕ್ಟೀರಿಯಾವನ್ನೂ ತಡೆಯುತ್ತವೆ. ಅಲ್ಲಿ ಎಣ್ಣೆ ಕೋಶದ ಪೊರೆಯ ಕೊಬ್ಬಿನೊಳಗೆ ಸೇರಿಕೊಳ್ಳುತ್ತದೆ. ಪೊರೆ ಸಡಿಲವಾಗಿ ಪೊಟ್ಯಾಸಿಯಂ ಸೋರುತ್ತದೆ. ಗ್ರಾಂ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಇನ್ನೊಂದು ಹೊರಪೊರೆ ಇರುವುದರಿಂದ ಅವು ಸಾಮಾನ್ಯವಾಗಿ ಹೆಚ್ಚು ತಡೆದುಕೊಳ್ಳುತ್ತವೆ. ಆದರೆ ಓಮದ ಥೈಮೋಲ್ ಆ ಹೊರಪೊರೆಯನ್ನೂ ಕೆಡಿಸಬಲ್ಲದು.

ಈಗ ಕಷ್ಟದ ಹೆಜ್ಜೆ: ಎಣ್ಣೆಯ ಶಕ್ತಿ ಅಳೆಯುವುದು. ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯ ಮೇಲೆ ಎಣ್ಣೆ ಹಾಕಿದ ಕಾಗದದ ಬಿಲ್ಲೆ ಇಡುತ್ತೇವೆ, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಅಳೆಯುತ್ತೇವೆ. ದೊಡ್ಡ ವೃತ್ತ ಇದ್ದರೆ ಎಣ್ಣೆಯೂ ಜೋರು ಅಲ್ವಾ? ಅಲ್ಲ. ಅಗಾರ್‌ನಲ್ಲಿ ಬಹುಪಾಲು ನೀರು. ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುವ ಹಾಗೆ, ಎಣ್ಣೆ ಅದರೊಳಗೆ ಸುಲಭವಾಗಿ ಹರಡುವುದಿಲ್ಲ. ಜೊತೆಗೆ ಸ್ವಲ್ಪ ಹಾರಿಹೋಗುತ್ತದೆ, ಮುಚ್ಚಿದ ತಟ್ಟೆಯಲ್ಲಿ ಅದರ ಆವಿ ಪಕ್ಕದ ಬಿಲ್ಲೆಯ ಫಲಿತಾಂಶವನ್ನೂ ಬದಲಿಸಬಹುದು. ಅಂದರೆ ವೃತ್ತ ಹೇಳುವುದು ಎಣ್ಣೆಯ ಶಕ್ತಿ ಮತ್ತು ಎಣ್ಣೆಯ ಓಡಾಟ, ಎರಡನ್ನೂ ಸೇರಿಸಿ. ಚೆನ್ನಾಗಿ ಕೊಲ್ಲುವ, ಆದರೆ ಹರಡದ ಎಣ್ಣೆ ಸಣ್ಣ ವೃತ್ತ ಕೊಡುತ್ತದೆ. ಎರಡು ಎಣ್ಣೆಗಳನ್ನು ಹೋಲಿಸಲು ಸುಮ್ನೆ ಮಿಲಿಮೀಟರ್ ನೋಡಬೇಡಿ.

ಅದಕ್ಕೇ ದ್ರವದಲ್ಲಿ ಎಣ್ಣೆಯ ಪ್ರಮಾಣವನ್ನು ಅರ್ಧರ್ಧ ಮಾಡುತ್ತಾ ಹೋಗುವುದು: 1%, 0.5%, 0.25%, 0.125%. ಬೆಳವಣಿಗೆ ನಿಲ್ಲುವ ಅತಿ ಕಡಿಮೆ ಪ್ರಮಾಣವೇ ಎಂಐಸಿ. ಎಣ್ಣೆ ನೀರಿನಲ್ಲಿ ಬೆರೆಯಲು ಟ್ವೀನ್ 80 ಎಂಬ ಸಾಬೂನಿನಂಥ ವಸ್ತು ಹಾಕಬೇಕು. ಎಣ್ಣೆ ಇಲ್ಲದೆ ಟ್ವೀನ್ ಮಾತ್ರ ಹಾಕಿದ ಒಂದು ಕುಳಿಯೂ (ದ್ರವ ಹಾಕುವ ಪುಟ್ಟ ಗುಂಡಿ) ಬೇಕೇ ಬೇಕು, ಇಲ್ಲದಿದ್ದರೆ ಪರಿಣಾಮ ಯಾರದ್ದು ಎಂದು ಹೇಳಲಾಗುವುದಿಲ್ಲ. ಎಣ್ಣೆಯಿಂದಲೇ ದ್ರವ ಮಸುಕಾಗುತ್ತದೆ, ಕಣ್ಣಿಗೆ ಬೆಳವಣಿಗೆ ಗೊತ್ತಾಗುವುದಿಲ್ಲ. ಆಗ ರೆಸಾಜುರಿನ್ ಬಣ್ಣ ನನ್ನ ಮೆಚ್ಚಿನ ದಾರಿ: ಗುಲಾಬಿಯಾದರೆ ಜೀವ ಇದೆ, ನೀಲಿ ಉಳಿದರೆ ಬೆಳವಣಿಗೆ ನಿಂತಿದೆ. ಸತ್ತಿದೆಯೋ ಇಲ್ಲವೋ ತಿಳಿಯಲು ನೀಲಿ ಕುಳಿಯ ಹನಿಯನ್ನು ಎಣ್ಣೆಯಿಲ್ಲದ ತಟ್ಟೆಯ ಮೇಲೆ ಬೆಳೆಸಿ ನೋಡಬೇಕು.

ಹೊಲ, ಗುಡ್ಡದಲ್ಲಿ ಇನ್ನೂ ಎಚ್ಚರ ಜಾಸ್ತಿ ಬೇಕು. 1964ರಲ್ಲಿ ಸಸ್ಯವಿಜ್ಞಾನಿ ಸಿ.ಎಚ್. ಮುಲ್ಲರ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಸುವಾಸನೆ ಪೊದೆಗಳ ಸುತ್ತಲಿನ ಬೋಳು ಪಟ್ಟಿಗೆ ಎಣ್ಣೆಯ ಆವಿ ಕಾರಣ ಎಂದರು. 1970ರಲ್ಲಿ ಬಾರ್ತೊಲೊಮ್ಯೂ ಎಂಬ ಸಂಶೋಧಕರು ಅಲ್ಲಿ ಜಾಲರಿ ಹಾಕಿ ಪ್ರಾಣಿಗಳನ್ನು ತಡೆದಾಗ ಒಳಗೆ ಹುಲ್ಲು ಬೆಳೆಯಿತು, ಅಂದರೆ ಆ ಬೋಳಿಗೆ ಮೇಯುವ ಪ್ರಾಣಿಗಳೂ ಕಾರಣ. ಪುಣೆಯ ಟೇಕಡಿಗಳಲ್ಲಿ (ಸಣ್ಣ ಗುಡ್ಡಗಳಲ್ಲಿ) ಮರದ ಕೆಳಗೆ ಹುಲ್ಲಿಲ್ಲದಿದ್ದರೆ ನೆರಳು, ನೀರು, ಮೇಯುವ ದನಗಳನ್ನೂ ಮೊದಲು ಪರೀಕ್ಷಿಸಿ. ಒಂದು ಚೌಕಕ್ಕೆ ಜಾಲರಿ ಹಾಕಿ, ಪಕ್ಕದ ಚೌಕವನ್ನು ಹಾಗೇ ಬಿಟ್ಟು ಹೋಲಿಸಿ.