ಹತ್ತೋದಲ್ಲ, ಇಳಿಯೋದು ಕಲೀಬೇಕು

"ಹತ್ತೋದೇನೂ ಕಷ್ಟ ಇಲ್ಲ ಮೇಡಂ. ಇಳಿಯೋವಾಗಲೇ ಜೀವ ಹೋಗುತ್ತೆ."

ಕೋಲಾರದಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಈ ಮಾತು ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. ಕಾರ್ತಿಕದಲ್ಲಿ ಇನ್ನೂ ಜಾಸ್ತಿ. ಊರ ಪಕ್ಕದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ, ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ಕುಡಿದು, ಖುಷಿಯಾಗಿ ಇಳಿದು ಬಂದವರು ಮೂರನೇ ದಿನ ಗೋಡೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬರುತ್ತಾರೆ. ಈ ಮಾತು ಹೇಳಿದ ಅಮ್ಮನಿಗೆ 58 ವರ್ಷ. ದಿನಾ ಅರ್ಧ ಗಂಟೆ ವಾಕಿಂಗ್ ಮಾಡುತ್ತಾರೆ. ಹಾಗಿದ್ದೂ ಮಂಡಿ ಯಾಕೆ ಹಿಡಿಯಿತು ಅನ್ನೋದು ಅವರ ಪ್ರಶ್ನೆ.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಾ, ಮೈ ದಢಕ್ಕನೆ ಬೀಳದಂತೆ ತಡೆಯುತ್ತದೆ. ಅಟ್ಟದಿಂದ ರಾಗಿ ಮೂಟೆಗೆ ಹಗ್ಗ ಕಟ್ಟಿ ಮೆಲ್ಲಗೆ ಇಳಿಬಿಡುತ್ತಿದ್ದರಲ್ಲ, ಹಾಗೆ. ಉಸಿರಿಗೆ ಇದು ಹಗುರ. ಹತ್ತುವಾಗ ಬರುವ ಏದುಸಿರು ಇಳಿಯುವಾಗ ಬರುವುದಿಲ್ಲ. ಆದರೆ ಸ್ನಾಯುವಿನ ಎಳೆಗಳಿಗೆ ಪೆಟ್ಟು ಜಾಸ್ತಿ. ರೂಢಿ ಇಲ್ಲದವರಿಗೆ ಆ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುತ್ತವೆ. ಅದರ ನೋವು ಅವತ್ತೇ ಬರದೆ, ಮಾರನೇ ದಿನ, ಅದರ ಮಾರನೇ ದಿನ ಜೋರಾಗುತ್ತದೆ. ಒಂದು ಸಮಾಧಾನ ಇದೆ. ಎರಡು ವಾರ ಬಿಟ್ಟು ಅಷ್ಟೇ ಮೆಟ್ಟಿಲು ಮತ್ತೆ ಇಳಿದು ನೋಡಿ, ನೋವು ಎಷ್ಟೋ ಕಡಿಮೆ ಇರುತ್ತದೆ. ಸ್ನಾಯು ಒಂದೇ ಸಲಕ್ಕೆ ಪಾಠ ಕಲಿಯುತ್ತದೆ.

ಸಮತಟ್ಟಾದ ರಸ್ತೆಯ ವಾಕಿಂಗ್ ಈ ಪಾಠ ಕಲಿಸುವುದಿಲ್ಲ. ಮೊದಲು ನಮ್ಮ ಮನೆಗಳೇ ಕಲಿಸುತ್ತಿದ್ದವು. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರುವುದು, ಒಲೆ ಮುಂದೆ ಕುಕ್ಕರಗಾಲಲ್ಲಿ ಕೂರುವುದು, ನೆಲ ಸಾರಿಸುವುದು, ಬಯಲ ಕಡೆ ಹೋಗುವುದು, ಎಲ್ಲದರಲ್ಲೂ ಮೈಯನ್ನು ನೆಲದವರೆಗೆ ಇಳಿಸಲೇಬೇಕಿತ್ತು. ಈಗ ಡೈನಿಂಗ್ ಟೇಬಲ್, ನಿಂತು ಮಾಡುವ ಅಡುಗೆ, ಉದ್ದ ಕೋಲಿನ ಮಾಪು, ಕಮೋಡು. ಇವು ಬೇಡ ಅನ್ನುತ್ತಿಲ್ಲ. ಆದರೆ ಬಿಟ್ಟುಹೋದ ಆ ಇಳಿಯುವ ಕೆಲಸವನ್ನು ಬೇರೆ ಎಲ್ಲಾದರೂ ಮಾಡಲೇಬೇಕು.

ಜಿಮ್ಮಿನ ಹುಡುಗರಿಗೂ ಇದೇ ಕೊರತೆ. ಒಬ್ಬ ಹುಡುಗ 100 ಕೆ.ಜಿ. ಡೆಡ್‌ಲಿಫ್ಟ್ ಮಾಡುತ್ತಾನೆ, ಅಂದರೆ ಅಷ್ಟು ಭಾರವನ್ನು ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುತ್ತಾನೆ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸುವಾಗ ಸೊಂಟ ಹಿಡಿಯಿತು. ತುಂಬಿದ ಸಿಲಿಂಡರ್‌ನಲ್ಲಿ ಗ್ಯಾಸ್ 14.2 ಕೆ.ಜಿ., ಕಬ್ಬಿಣವೂ ಸೇರಿದರೆ ಹತ್ತಿರ ಹತ್ತಿರ 30. ಅವನು ಎತ್ತುವುದರ ಮೂರನೇ ಒಂದು ಪಾಲೂ ಇಲ್ಲ. ಮಾಡಿ ತೋರಿಸು ಅಂದೆ. ಜಿಮ್ಮಿನಲ್ಲಿ ಎತ್ತಿ ಮುಗಿದ ಕೂಡಲೇ ರಬ್ಬರ್ ಹಾಸಿನ ಮೇಲೆ ಧಡಾರ್ ಅಂತ ಬಿಟ್ಟುಬಿಡುತ್ತಾನಂತೆ. ಇಳಿಸುವ ಅಭ್ಯಾಸವೇ ಇಲ್ಲ! ಮನೆಯಲ್ಲಿ ಸಿಲಿಂಡರ್ ಬಿಡೋಕಾಗಲ್ಲ ಅಲ್ವಾ? ಅಡುಗೆಕಟ್ಟೆಯ ಕೆಳಗಿನ ಇಕ್ಕಟ್ಟಿನಲ್ಲಿ ಒಂದೇ ಕೈಯಲ್ಲಿ ಹಿಡಿದು, ಸೊಂಟ ತಿರುಚಿ, ಬಗ್ಗಿ ಇಟ್ಟಿದ್ದಾನೆ. ಅಲ್ಲಿ ಹಿಡಿಯಿತು.

ಅವನಿಗೆ ನಾನು ಹೇಳಿದ್ದು, ಒಂದು ಬೆಳಿಗ್ಗೆ ಎ.ಪಿ.ಎಂ.ಸಿ. ಟೊಮೆಟೊ ಮಾರುಕಟ್ಟೆಗೆ ಹೋಗಿ ಅರ್ಧ ಗಂಟೆ ಸುಮ್ನೆ ನಿಂತು ನೋಡು ಅಂತ. ಅಲ್ಲಿ ಬಾಕ್ಸ್ ಅಂದರೆ 15 ಕೆ.ಜಿ. ಪಳಗಿದ ಹಮಾಲಿಯನ್ನು ಗಮನಿಸಿ. ಬಾಕ್ಸನ್ನು ಹೊಟ್ಟೆಗೆ ಆನಿಸಿಕೊಂಡೇ ತರುತ್ತಾರೆ. ಒಂದು ಕಾಲು ಮುಂದೆ ಇಡುತ್ತಾರೆ, ಮಂಡಿ ಮತ್ತು ಸೊಂಟ ಒಟ್ಟಿಗೆ ಮಡಿಯುತ್ತವೆ, ಬಾಕ್ಸ್ ಸದ್ದಿಲ್ಲದೆ ನೆಲ ಮುಟ್ಟುತ್ತದೆ. ಹಣ್ಣು ಜಜ್ಜಿದರೆ ವ್ಯಾಪಾರಿಗಳು ಸುಮ್ಮನಿರುತ್ತಾರಾ? ಪಕ್ಕಕ್ಕೆ ಇಡಬೇಕಾದರೆ ಮೊದಲು ಪಾದ ತಿರುಗುತ್ತದೆ, ಸೊಂಟ ಅದರ ಹಿಂದೆ. ಅವರಿಗೂ ಬೆನ್ನು ನೋವು ಬರುತ್ತದೆ, ದಿನಕ್ಕೆ ನೂರಾರು ಬಾಕ್ಸ್ ಎತ್ತಿದರೆ ಯಾರಿಗಾದರೂ ಬಂದೀತು. ಆದರೆ ಆ ಇಳಿಸುವ ಕ್ರಮ ಮಾತ್ರ ಕಲಿಯುವಂಥದ್ದು.

ನೆಲಕ್ಕೆ ಇಳಿದು ಏಳುವುದನ್ನೇ ಪರೀಕ್ಷೆ ಮಾಡಿಕೊಂಡ ವೈದ್ಯರೊಬ್ಬರಿದ್ದಾರೆ, ಬ್ರೆಜಿಲ್‌ನ ಕ್ಲೌಡಿಯೋ ಗಿಲ್ ಅರೌಜೊ. ಕೂರುವುದಕ್ಕೆ 5, ಏಳುವುದಕ್ಕೆ 5, ಒಟ್ಟು 10 ಅಂಕ. ಕೈ ಅಥವಾ ಮಂಡಿ ಊರಿದರೆ ಪ್ರತಿ ಸಲ ಒಂದು ಅಂಕ ಕಡಿತ, ಓಲಾಡಿದರೆ ಅರ್ಧ. 2012ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ 51ರಿಂದ 80 ವರ್ಷದ 2002 ಜನರಿದ್ದರು. ಅಂಕ ಕಡಿಮೆ ಇದ್ದವರಲ್ಲಿ ಮುಂದಿನ ವರ್ಷಗಳ ಸಾವು ಹೆಚ್ಚಿತ್ತು. ಇದನ್ನು ಓದಿ ಹೆದರಬೇಡಿ. ಕೈ ಊರಿದ್ದರಿಂದ ಯಾರೂ ಸಾಯುವುದಿಲ್ಲ. ಕಾಲಿನ ಬಲ, ಕೀಲಿನ ಸಡಿಲ, ತೂಕ, ಸಮತೋಲನ ಎಲ್ಲ ಒಂದೇ ಚಲನೆಯಲ್ಲಿ ಕಾಣಿಸುತ್ತವೆ ಅಷ್ಟೇ. ನೋವಿರುವವರು, ಬೀಳುವ ಭಯ ಇರುವವರು ಒಬ್ಬರೇ ಇದನ್ನು ಮಾಡಿ ನೋಡಬಾರದು.

ಆ ಅಮ್ಮನಿಗೆ ಶುರು ಮಾಡಿಸಿದ್ದು ಕುರ್ಚಿಯಿಂದ. ಗೋಡೆಗೆ ಒತ್ತಿಟ್ಟ ಕುರ್ಚಿ, ಅದರ ಮೇಲೊಂದು ದಿಂಬು. ಮನಸ್ಸಿನಲ್ಲಿ ಒಂದು, ಎರಡು, ಮೂರು ಎಣಿಸುತ್ತಾ ಕೂರಬೇಕು. ಕೊನೆಯ ನಾಲ್ಕು ಬೆರಳು ಎತ್ತರದಲ್ಲಿ ಎಲ್ಲರೂ ಧೊಪ್ಪನೆ ಬೀಳುತ್ತಾರೆ. ನಮ್ಮ ಕೆಲಸ ಇರುವುದೇ ಆ ನಾಲ್ಕು ಬೆರಳಿನಲ್ಲಿ. ಏಳುವಾಗ ಕೈ ಊರಿದರೂ ಪರವಾಗಿಲ್ಲ. 8 ಸಲ, ಸ್ವಲ್ಪ ಸುಧಾರಿಸಿಕೊಂಡು ಇನ್ನೊಮ್ಮೆ 8. ದಿನ ಬಿಟ್ಟು ದಿನ. ಎರಡು ವಾರಕ್ಕೆ ದಿಂಬು ತೆಗೆದೆವು. ಆಮೇಲೆ ಗಿಡ್ಡ ಸ್ಟೂಲು, ಆಮೇಲೆ ಮಣೆ. ಮಂಡಿ ಒಳಕ್ಕೆ ಬೀಳದೆ ಕಾಲ್ಬೆರಳಿನ ದಿಕ್ಕಿಗೇ ಹೋಗುತ್ತಿದೆಯಾ ಅಂತ ಮಾತ್ರ ನೋಡುತ್ತಿದ್ದೆ.

ನೋವಿಗೆ ಹತ್ತಕ್ಕೆ ಅಂಕ ಕೊಟ್ಟರೆ ಅದು ಮೂರರೊಳಗೆ ಇದ್ದು, ಮಾರನೇ ದಿನಕ್ಕೆ ಇಳಿದರೆ ಮುಂದುವರಿಸಿ. ಮಂಡಿ ಊದಿಕೊಂಡರೆ, ಮಡಿಚಿದ್ದು ಬಿಚ್ಚದೆ ಸಿಕ್ಕಿಕೊಂಡರೆ, ರಾತ್ರಿ ನಿದ್ದೆ ಕೆಡುವಷ್ಟು ನೋವಿದ್ದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಮಂಡಿ ಬದಲಿಸಿಕೊಂಡವರು ತಮ್ಮ ಸರ್ಜನ್ನರನ್ನು ಕೇಳದೆ ನೆಲಕ್ಕೆ ಕೂರಬೇಡಿ.

ಇನ್ನು ಬೆಟ್ಟ. ಅಂತರಗಂಗೆಗೆ ಹೋದರೆ ಮೊದಲ ದಿನವೇ ತುದಿ ಮುಟ್ಟಬೇಕು ಅಂತಿಲ್ಲ. ಐವತ್ತು ಮೆಟ್ಟಿಲು ಹತ್ತಿ, ಅಷ್ಟನ್ನೇ ನಿಧಾನವಾಗಿ ಇಳಿದು ಮನೆಗೆ ಬನ್ನಿ, ಮುಂದಿನ ವಾರ ನೂರಕ್ಕೆ ಹೋಗಿ. ಇಳಿಯುವಾಗ ಪಾದ ಸದ್ದು ಮಾಡಬಾರದು. ಸದ್ದು ಬಂತು ಅಂದರೆ ತೊಡೆ ಸುಸ್ತಾಗಿದೆ, ಭಾರವೆಲ್ಲ ಕೀಲಿನ ಮೇಲೆ ಬೀಳುತ್ತಿದೆ ಅಂತ ಅರ್ಥ. ಅಲ್ಲೇ ಕೂತು ಸುಧಾರಿಸಿಕೊಳ್ಳಿ, ಕೈಯಲ್ಲಿ ಬಾಳೆಹಣ್ಣು ಇಟ್ಟುಕೊಳ್ಳಬೇಡಿ, ಕೋತಿ ಜಾಸ್ತಿ. ಒಂದು ಮಂಡಿಯಲ್ಲಿ ನೋವಿದ್ದವರು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು ಇಡಿ, ಇಳಿಯುವಾಗ ನೋವಿರುವ ಕಾಲು ಮೊದಲು. ಆಗ ಎರಡೂ ಸಲ ಗಟ್ಟಿ ಕಾಲೇ ಭಾರ ಹೊರುತ್ತದೆ.

ಅಮ್ಮನಿಗೆ ಬೆಟ್ಟಕ್ಕಿಂತ ದೊಡ್ಡ ಆಸೆ ಒಂದಿತ್ತು. ಅವರೆಕಾಯಿ ಕಾಲದಲ್ಲಿ ಸೊಸೆ, ಮೊಮ್ಮಕ್ಕಳ ಜೊತೆ ನೆಲದ ಮೇಲೆ ಕೂತು ಕಾಯಿ ಬಿಡಿಸೋದು. ಮೂರು ವರ್ಷದಿಂದ ಅವರೊಬ್ಬರೇ ಕುರ್ಚಿ ಮೇಲೆ. ಮೊನ್ನೆ ಫೋನ್ ಮಾಡಿದ್ದರು. ಮಣೆ ಹಾಕಿಕೊಂಡು ಕೂತಿದ್ದರಂತೆ, ಒಂದು ಮೊರ ಪೂರ್ತಿ ಬಿಡಿಸಿದರಂತೆ. ಏಳುವಾಗ ಇನ್ನೂ ಮಂಚದ ಅಂಚು ಬೇಕು. ಮುಂದಿನ ಸೋಮವಾರ ಬರುತ್ತಾರೆ, ಪಕ್ಕಕ್ಕೆ ಹೊರಳಿ, ಎರಡೂ ಕೈ ಊರಿ, ಮಂಡಿಯ ಮೇಲೆ ಬಂದು, ಒಂದು ಪಾದ ಮುಂದಿಟ್ಟು ಏಳೋದನ್ನು ಹೇಳಿಕೊಡಬೇಕು.